ಅಳಿವಿನ ಲೆಕ್ಕ

  ನಾನು ತೀರಿಸಬೇಕಾದ ಒಂದು ಹಳೆಯ ಬಾಕಿಯಿದೆ.

ನಮ್ಮ ಅಫಜಲಪುರದ ಕಡೆಯ ಹೆಣ್ಣುಮಕ್ಕಳು ಎದೆಯ ಗಂಟನ್ನು ತೋರಿಸಲು ಕಲಬುರಗಿಯ ಕಿದ್ವಾಯಿ ಕೇಂದ್ರಕ್ಕೋ ಸೊಲ್ಲಾಪುರಕ್ಕೋ ಹೋಗಿ ತರುವ ವರದಿಯಲ್ಲಿ ಈಸ್ಟ್ರೋಜನ್ ಹಾರ್ಮೋನನ್ನು ಹಿಡಿಯುವ ಪ್ರೋಟೀನಾದ ಈಸ್ಟ್ರೋಜನ್ ಗ್ರಾಹಿಯ ಮುಂದೆ ಒಂದು ಶೇಕಡಾ ಸಂಖ್ಯೆ ಬರೆದಿರುತ್ತದೆ. ‘ತೊಂಬತ್ತ ಅಂತ ಬರದಾರಲ್ರಿ, ಭಾಳ ಖರಾಬ ಅದೇನ್ರಿ?’ ಎಂದು ಘತ್ತರಗಿಯ ತಾಯಿಯೊಬ್ಬರು ಕಾಗದವನ್ನು ಚಾಚಿ ಕೇಳಿದರು. ಖರಾಬಲ್ಲ, ತೊಂಬತ್ತಿದ್ದರೆ ಹಾರ್ಮೋನಿನ ಮದ್ದು ನಾಟುವ ಸಂಭವ ಹೆಚ್ಚೆಂದು ಹೇಳಿ ಅವರನ್ನು ಸಮಾಧಾನಪಡಿಸಿದೆನಾದರೂ, ಗ್ರಾಹಿಯಿದ್ದು ಬಣ್ಣ ಹಿಡಿದ ಕೋಶಗಳನ್ನು ಎಣಿಸಿ, ಎಣಿಕೆಯಲ್ಲಿಯೇ ರೋಗದ ಸರ್ವಸ್ವವನ್ನೂ ಕಾಣುವ ಮೊತ್ತವಾದಿಗಳೊಡನೆ ನನಗಿರುವ ಜಗಳ ಅಲ್ಲಿಗೆ ಮುಗಿಯಲಿಲ್ಲ. ಅಮಾವಾಸ್ಯೆಗೆ ಭಾಗಮ್ಮನ ದರ್ಶನಕ್ಕೆಂದು ಘತ್ತರಗಿಗೆ ಬಂದವರು ಬ್ಯಾರೇಜಿನ ಹಿಂದೆ ನಿಂತ ಭೀಮೆಯನ್ನು ಕಂಡು ‘ಹೊಳಿ ತುಂಬ್ಯಾದ’ ಎನ್ನುತ್ತಾರೆ. ಮೇಲಿನಿಂದ ಬರುವುದೆಷ್ಟು, ಗೇಟಿನಡಿ ಹೋಗುವುದೆಷ್ಟು ಎಂಬುದನ್ನು ನಿಂತ ನೀರು ಹೇಳಲಾರದು.

ಗ್ರಾಹಿಯೂ ಹೀಗೆ ಬಂದು ಹೋಗುವಂಥದ್ದೇ; ಅದರ ಆಯುಷ್ಯ ಕೆಲವೇ ಗಂಟೆಗಳದು. ಈಸ್ಟ್ರೋಜನ್ ಬಂದು ಕೂಡಿಕೊಂಡಿತೆಂದರೆ ಅದು ಇನ್ನೂ ಮೊಟಕಾಗುತ್ತದೆ. ಮೂರು ಕಿಣ್ವಗಳು ಕೈಯಿಂದ ಕೈಗೆ ದಾಟಿಸಿ 76 ಅಮೈನೋ ಆಮ್ಲಗಳ ಯುಬಿಕ್ವಿಟಿನ್ ಎಂಬ ಪುಟ್ಟ ಪ್ರೋಟೀನನ್ನು ಅಳಿವಿನ ಗುರುತಾಗಿ ಗ್ರಾಹಿಯ ಮೈಗೆ ಅಂಟಿಸುತ್ತವೆ, ಕೋಶದ ಚೂರುಯಂತ್ರವಾದ ಪ್ರೋಟಿಯಸೋಮ್ ಅದನ್ನು ನುಂಗುತ್ತದೆ. 2004ರ ರಸಾಯನಶಾಸ್ತ್ರದ ನೊಬೆಲ್ ಸಂದದ್ದು ಪ್ರೋಟೀನುಗಳನ್ನು ಅಳಿಸುವ ಈ ಬಗೆಯ ಶೋಧಕ್ಕೇ. ಆದರೆ 2000ದಲ್ಲಿ ಹ್ಯೂಸ್ಟನ್ನಿನ ಬರ್ಟ್ ಓಮ್ಯಾಲಿಯವರ ಪ್ರಯೋಗಶಾಲೆಯಿಂದ ಬಂದ ವರದಿ ಮೊತ್ತವಾದಿಗಳನ್ನು ಎಚ್ಚರಿಸಬೇಕಾಗಿತ್ತು: ಪ್ರೋಟಿಯಸೋಮಿನ ಬಾಯಿ ಕಟ್ಟಿದಾಗ ಗ್ರಾಹಿ ರಾಶಿಬಿದ್ದಿತಾದರೂ ಅದು ನಡೆಸುತ್ತಿದ್ದ ವಂಶವಾಹಿಗಳ ಕೆಲಸವು ಹೆಚ್ಚುವುದಕ್ಕೆ ಬದಲಾಗಿ ಕುಗ್ಗಿತು. ಅಳಿಯುತ್ತಿರುವುದೇ ಗ್ರಾಹಿಯ ಕಾರ್ಯದ ಒಂದು ಭಾಗವೆಂದಾಯಿತು.

ಮದ್ದುಗಳನ್ನೇ ನೋಡಿ. ಟ್ಯಾಮಾಕ್ಸಿಫೆನ್ ಗುಳಿಗೆಯು ಗ್ರಾಹಿಯನ್ನು ಅಳಿಸದೆ, ಅದರ ಆಯುಷ್ಯವನ್ನು ಬೆಳೆಸಿಯೂ ಸ್ತನದಲ್ಲಿ ಅದನ್ನು ನಿಷ್ಕ್ರಿಯಗೊಳಿಸುತ್ತದೆ. ಫುಲ್ವೆಸ್ಟ್ರಾಂಟ್ ಅದೇ ಗ್ರಾಹಿಯನ್ನು ಯುಬಿಕ್ವಿಟಿನ್ನಿನ ಕಿಣ್ವಗಳ ವಶಕ್ಕೊಪ್ಪಿಸಿ ನಾಶಪಡಿಸುತ್ತದೆ. ನುಂಗಿದರೆ ಮೈಗೆ ಹತ್ತದ ಈ ಔಷಧವನ್ನು ಔಡಲೆಣ್ಣೆ ಬೆರೆಸಿ, 250 ಮಿಲಿಗ್ರಾಂನಂತೆ ಎರಡೂ ಪೃಷ್ಠಗಳಿಗೆ ಒಂದೆರಡು ನಿಮಿಷ ಹಿಡಿಯುವಷ್ಟು ನಿಧಾನವಾಗಿ ಚುಚ್ಚುತ್ತಾರೆ. ಒಂದು ಉಳಿಸಿ ಗೆಲ್ಲುತ್ತದೆ, ಇನ್ನೊಂದು ಅಳಿಸಿ ಗೆಲ್ಲುತ್ತದೆ. ಮೊತ್ತವೇ ಎಲ್ಲವೂ ಆಗಿದ್ದರೆ ಇವೆರಡೂ ಒಂದೇ ರೋಗಕ್ಕೆ ಮದ್ದಾಗುತ್ತಿದ್ದುದು ಹೇಗೆ?

ಎಣಿಸುವುದಕ್ಕಿಂತ ಮೊದಲು ಹರಿವನ್ನು ನೋಡಿದ ಮಹನೀಯನೊಬ್ಬನಿದ್ದ. ಅವನ ಲೇಖನವನ್ನು ನಾನು ಆಗಾಗ ತೆರೆದು ಓದುವುದುಂಟು. ಗ್ಲಾಸ್ಗೋದ ಶಸ್ತ್ರವೈದ್ಯ ಜಾರ್ಜ್ ಬೀಟ್ಸನ್ ತರುಣನಿದ್ದಾಗ ಹಾಲೂಡುವಿಕೆಯ ಮೇಲೆ ಪ್ರಬಂಧ ಬರೆಯುತ್ತ, ಕೆಲವು ದೇಶಗಳ ಒಕ್ಕಲಿಗರು ಈದ ಆಕಳಿನ ಅಂಡಾಶಯವನ್ನು ತೆಗೆಸಿ, ಅದು ಬತ್ತದೆ ಬಹುಕಾಲ ಹಾಲು ಕರೆಯುವಂತೆ ಮಾಡುತ್ತಾರೆಂಬುದನ್ನು ಅರಿತನು. ಒಂದು ಅಂಗವು ದೂರದ ಇನ್ನೊಂದು ಅಂಗದ ಸ್ರಾವವನ್ನು ಆಳುವುದೆಂಬ ವಿಸ್ಮಯ ಅವನನ್ನು ಬಿಡಲಿಲ್ಲ. ಹಾಲಿನ ಕಾಲದಲ್ಲಿ ಸ್ತನದ ಕೋಶಗಳು ವೃದ್ಧಿಯಾಗುವುದಕ್ಕೂ ಕ್ಯಾನ್ಸರಿನಲ್ಲಿ ವೃದ್ಧಿಯಾಗುವುದಕ್ಕೂ ಹೋಲಿಕೆ ಕಂಡು, 1895ರಲ್ಲಿ, ಸ್ತನವನ್ನು ತೆಗೆದ ಮೇಲೂ ರೋಗ ಮರುಕಳಿಸಿದ್ದ 33 ವರ್ಷದ ಹೆಂಗಸಿನ ಅಂಡಾಶಯಗಳನ್ನು ತೆಗೆದನು. ಎಂಟು ತಿಂಗಳೊಳಗೆ ಗಂಟು ಕರಗಿತು. ಆಕೆ ಸುಮಾರು ನಾಲ್ಕು ವರ್ಷ ಬದುಕಿದಳು. 1896ರ ಲ್ಯಾನ್ಸೆಟ್ಟಿನಲ್ಲಿ ಇದನ್ನವನು ಪ್ರಕಟಿಸಿದಾಗ ಹಾರ್ಮೋನ್ ಎಂಬ ಮಾತೇ ಹುಟ್ಟಿರಲಿಲ್ಲ. ಅದು ಬಂದದ್ದು 1905ರಲ್ಲಿ. ದನದ ಕೊಟ್ಟಿಗೆಯಿಂದ ಶಸ್ತ್ರಚಿಕಿತ್ಸೆಯ ಮೇಜಿನವರೆಗೆ ಇಷ್ಟು ನೇರವಾಗಿ ನಡೆದುಬಂದ ತರ್ಕವನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

1900ರಲ್ಲಿ ಶಸ್ತ್ರವೈದ್ಯ ಸ್ಟ್ಯಾನ್ಲಿ ಬಾಯ್ಡ್ ಇಂಥ ಶಸ್ತ್ರಚಿಕಿತ್ಸೆಗಳನ್ನು ಕಲೆಹಾಕಿ ನೋಡಿದಾಗ ಗುಣ ಕಂಡದ್ದು ಮೂರರಲ್ಲೊಂದು ಪಾಲಿಗೆ ಮಾತ್ರ. ಉಳಿದವರಿಗೇಕೆ ಇಲ್ಲ ಎಂಬುದಕ್ಕೆ ಉತ್ತರ ಸಿಗಲು ಶಿಕಾಗೋದ ಎಲ್ವುಡ್ ಜೆನ್ಸೆನ್ ಗ್ರಾಹಿಯನ್ನು ಹಿಡಿದುಕೊಡುವತನಕ ಅರ್ಧ ಶತಮಾನಕ್ಕೂ ಮಿಕ್ಕಿ ಕಾಯಬೇಕಾಯಿತು. ಗ್ರಾಹಿಯಿಲ್ಲದ ಗಡ್ಡೆಗಳು ಈ ಚಿಕಿತ್ಸೆಗೆ ಮಣಿಯುವುದು ವಿರಳವೆಂದು ಎಣಿಕೆಯೇ ತೋರಿಸಿದ್ದರಿಂದ, ಇಲ್ಲಿ ಮೊತ್ತವಾದಿಗಳಿಗೆ ಅವರ ಗೌರವ ಸಲ್ಲತಕ್ಕದ್ದೇ. ಆದರೆ ಗ್ರಾಹಿ ತುಂಬಿದ್ದೂ ಮದ್ದಿಗೆ ಮಣಿಯದ ಗಡ್ಡೆಗಳ ಮುಂದೆ ಅವರ ಎಣಿಕೆ ಮೌನವಾಗುತ್ತದೆ. ಅವುಗಳಲ್ಲಿ ಕೆಲವಕ್ಕೆ ಗ್ರಾಹಿಯ ವಂಶವಾಹಿಯಲ್ಲಾದ ವಿಕೃತಿಯೇ ಕಾರಣವಾಗಿದ್ದು, ಅಂಥವಕ್ಕೆಂದು 2023ರ ಜನವರಿಯಲ್ಲಿ ಅಮೆರಿಕೆಯಲ್ಲಿ ಒಪ್ಪಿಗೆ ಪಡೆದ ಎಲಾಸೆಸ್ಟ್ರಾಂಟ್ ಕೂಡ ಗ್ರಾಹಿಯನ್ನು ಅಳಿಸುವ ಜಾತಿಯದೇ, ಮತ್ತು ಇದನ್ನು ಚುಚ್ಚಿಸಿಕೊಳ್ಳಬೇಕಾಗಿಲ್ಲ, ನುಂಗಿದರೆ ಸಾಕು.