ಮಂದ್ರಕ್ಕೆ ಕಾಯುವ ಕಿವಿ

ಬಯಲಿನ ಕಛೇರಿಯಲ್ಲಿ ಹಾಡುಗಾರರ ಪರೀಕ್ಷೆ ನಡೆಯುವುದು ಮಂದ್ರಸ್ಥಾಯಿಯಲ್ಲಿ. ದನಿಗೆ ಆಸರೆಯಾಗಲು ಅಲ್ಲಿ ಗೋಡೆಗಳಿಲ್ಲ. ಈ ಮಾತು ನನ್ನದಲ್ಲ, ಹಿಂದೆ ನನ್ನ ಹೆಂಡತಿಯಾಗಿದ್ದವಳದು. ಬೆಂಗಳೂರಿನ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಛೇರಿ. ಏಪ್ರಿಲ್ ಸೆಕೆ, ಚಪ್ಪರದಾಚೆ ಬಸ್ಸಿನ ಹಾರನ್. ತೋಡಿಯ ಆಲಾಪನೆ ತಾರಸ್ಥಾಯಿ ಮುಟ್ಟಿದಾಗ ಜನ ಚಪ್ಪಾಳೆ ತಟ್ಟಿದರು. "ಮೇಲಿನದನ್ನ ಮೈಕು ಎತ್ತಿಕೊಡುತ್ತೆ ರೀ, ಕೆಳಗಿಳಿದಾಗ ಶ್ರುತಿ ನಿಲ್ಲುತ್ತಾ ನೋಡಿ" ಅಂದಳು. ನಿಲ್ಲಲಿಲ್ಲ.

ಆಮೇಲೆ ನಾವು ಬೇರೆಯಾದೆವು, ನನಗೆ ಪುಣೆಗೆ ವರ್ಗವಾಯಿತು. ಕುಂದಗೋಳದ ಸವಾಯಿ ಗಂಧರ್ವರ ನೆನಪಿಗೆ 1953ರಲ್ಲಿ ಶುರುವಾದ ಇಲ್ಲಿನ ಉತ್ಸವವೂ ಬಯಲಿನದೇ, ಆದರೆ ಡಿಸೆಂಬರ್ ಚಳಿಯದು. ಜನ ರಸಿಕರು, ನಿಜ. ತಾನುಗಳಿಗೆ 'ವಾಹ್' ಅಂತಾರೆ. ನಾನು ವಿಲಂಬಿತದ ಮಂದ್ರಕ್ಕೇ ಕಾಯುತ್ತೇನೆ. ನಿಂತಿತಾ ಅಂತ ಪಕ್ಕಕ್ಕೆ ತಿರುಗಿ ಕೇಳುವ ಅಭ್ಯಾಸ ಹೋಗಿಲ್ಲ.