ಸೌರ ಫಲಕಕ್ಕೆ ಮನೆಯಲ್ಲೊಂದು ಕೆಲಸ

ಬೆಂಗಳೂರಿನ ಯಾವ ಹೊಸ ಬಡಾವಣೆಯಲ್ಲಿ ನೋಡಿದರೂ ತಾರಸಿಗಳ ಮೇಲೆ ಹೆಚ್ಚುಕಡಿಮೆ ಒಂದೇ ಬಗೆಯ ಸಾಮಾನು ಕಾಣುತ್ತದೆ: ಕಪ್ಪು ಸಿಂಟೆಕ್ಸ್ ಟ್ಯಾಂಕು, ಸೋಲಾರ್ ವಾಟರ್ ಹೀಟರು, ಮೆಟ್ಟಿಲಿನ ಹೆಡ್‌ರೂಮು, ಈಚೆಗೆ ಇವುಗಳ ಸಂದಿನಲ್ಲಿ ಉಳಿದ ಜಾಗಕ್ಕೆ ನಾಲ್ಕೋ ಆರೋ ಸೌರ ಫಲಕ. ಮನೆ ಕಟ್ಟಿ ಮುಗಿದ ಮೇಲೆ ಬಂದು ಸೇರಿಕೊಂಡವು ಇವು. ನಕ್ಷೆ ಬರೆಯುವಾಗ ಯಾರೂ ಇವುಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿರುವುದಿಲ್ಲ. ಈ ಅಂಟಿಸುವ ರೂಢಿಗೆ ಉತ್ತರವಾಗಿ ವಾಸ್ತುಶಿಲ್ಪದ ವಲಯದಲ್ಲಿ ಇನ್ನೊಂದು ಮಾತು ಬಲವಾಗುತ್ತಿದೆ. ಫಲಕ ಮನೆಯ ಅಂಗವೇ ಆಗಬೇಕು. ಹೆಂಚು, ಗೋಡೆಯ ಹೊದಿಕೆ, ಬಾಲ್ಕನಿಯ ಗಾಜು, ಕಿಟಕಿಯ ಸಜ್ಜಾ ಎಲ್ಲವೂ ವಿದ್ಯುತ್ ಹುಟ್ಟಿಸಬೇಕು ಎಂಬುದು ಅದರ ಸಾರ. ಆಶಯ ಒಪ್ಪತಕ್ಕದ್ದೇ. ಆದರೆ ಅದು ಕಾರ್ಯರೂಪಕ್ಕೆ ಬಂದಾಗ ಎರಡು ಬೇರೆಬೇರೆ ದಾರಿ ಹಿಡಿದಿದೆ. ಒಂದು ದಾರಿ, ಫಲಕವು ಫಲಕದಂತೆ ಕಾಣದ ಹಾಗೆ ಮರೆಮಾಚುವುದು. ಇನ್ನೊಂದು, ನೆರಳು ಕೊಡುವುದೋ ಮಳೆ ತಡೆಯುವುದೋ, ಮನೆಗೆ ಹೇಗೂ ಬೇಕಾದ ಒಂದು ಕೆಲಸವನ್ನು ಫಲಕಕ್ಕೆ ವಹಿಸುವುದು. ಪ್ರಚಾರವೆಲ್ಲ ಮೊದಲನೆಯದಕ್ಕೆ ಸಿಕ್ಕಿದೆ. ತಿರುಳಿರುವುದು ಎರಡನೆಯದರಲ್ಲಿ, ನಮ್ಮ ಅಕ್ಷಾಂಶದಲ್ಲಂತೂ ಅದನ್ನು ಬಿಟ್ಟು ಬೇರೆ ದಾರಿ ಹಿಡಿದರೆ ಹಣವೂ ಬಿಸಿಲೂ ಪೋಲಾಗುತ್ತವೆ ಎಂಬುದು ನನ್ನ ವಾದ.

ಮೊದಲ ದಾರಿಯ ಅತಿ ಪ್ರಸಿದ್ಧ ಉದಾಹರಣೆ ಟೆಸ್ಲಾ ಕಂಪನಿಯ ಸೌರ ಹೆಂಚು. 2016ರ ಅಕ್ಟೋಬರಿನಲ್ಲಿ ಲಾಸ್ ಏಂಜಲೀಸ್‌ನ ಯೂನಿವರ್ಸಲ್ ಸ್ಟುಡಿಯೋಸ್‌ನ ಒಂದು ಚಿತ್ರೀಕರಣದ ಬೀದಿಯಲ್ಲಿ ಎಲಾನ್ ಮಸ್ಕ್ ಅದನ್ನು ತೋರಿಸಿದಾಗ, ಸುತ್ತಲಿನ ಮನೆಗಳ ಮಾಡುಗಳಲ್ಲಿ ಸೌರಕೋಶಗಳಿವೆಯೆಂದು ಹೇಳುವ ತನಕ ಯಾರಿಗೂ ಗೊತ್ತಾಗದಂತಿದ್ದುದೇ ಅದರ ಹೆಗ್ಗಳಿಕೆಯಾಯಿತು. 2019ರ ಕೊನೆಗೆ ವಾರಕ್ಕೆ ಸಾವಿರ ಮಾಡುಗಳನ್ನು ತಯಾರಿಸುವ ಗುರಿ ಹೇಳಿಕೊಂಡ ಕಂಪನಿ ಅದರ ಹತ್ತಿರಕ್ಕೂ ಬರಲಿಲ್ಲ. 2021ರಲ್ಲಿ ಬೆಲೆ ಏರಿಸಿದಾಗ, ಕೆಲವು ಮಾಡುಗಳ ಜಟಿಲತೆಯನ್ನು ಅಂದಾಜು ಮಾಡುವುದರಲ್ಲಿ ದೊಡ್ಡ ತಪ್ಪಾಗಿದೆಯೆಂದು ಮಸ್ಕ್ ಒಪ್ಪಿಕೊಂಡರು. ಅದಕ್ಕೂ ಮೊದಲು, 2009ರಲ್ಲಿ ಡೌ ಕಂಪನಿ ಘೋಷಿಸಿದ್ದ ಸೌರ ಹಾಸುಬಿಲ್ಲೆಗಳು 2016ರಲ್ಲೇ ಮಾರುಕಟ್ಟೆಯಿಂದ ಮರೆಯಾಗಿದ್ದವು. ಇವನ್ನು ವ್ಯಾಪಾರದ ಸೋಲುಗೆಲುವಷ್ಟೇ ಎಂದು ಬದಿಗಿಡುವಂತಿಲ್ಲ. ಮಾಡು ಎಂಬುದು ಐವತ್ತು ವರ್ಷ ಬಾಳಬೇಕಾದ ವಸ್ತು. ಅದರ ಒಂದೊಂದು ಚೂರೂ ಒಂದೇ ಕಂಪನಿಯ ಅಚ್ಚಿನಿಂದ ಬರಬೇಕಾದರೆ, ಆ ಕಂಪನಿ ಕೈಬಿಟ್ಟ ದಿನ ಮನೆಯವರ ಗತಿಯೇನು? 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದಂದಿನಿಂದ ಕರಾವಳಿಯ ಮಾಡುಗಳು ಬಾಳಿಕೊಂಡು ಬಂದಿರುವ ಕ್ರಮವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಹೆಂಚೊಂದು ಒಡೆದರೆ ಏಣಿ ಹಾಕಿ, ರೀಪಿನ ಮೇಲಿಂದ ಅದನ್ನು ಸರಿಸಿ, ಅಂಗಳದ ಮೂಲೆಯಲ್ಲಿ ಇಟ್ಟಿರುವ ಇನ್ನೊಂದನ್ನು ಕೂರಿಸಿದರೆ ಮುಗಿಯಿತು. ನೂರಾರು ವಿದ್ಯುತ್ ಜೋಡಣೆಗಳಿರುವ ಸೌರ ಹೆಂಚಿನ ಮಾಡಿಗೆ, ವರ್ಷಕ್ಕೆ 3,500 ಮಿಲಿಮೀಟರ್ ಮೀರಿ ಮಳೆ ಸುರಿಯುವ ಊರಿನಲ್ಲಿ, ಆ ಸರಾಗತೆ ಬರುವುದಿಲ್ಲ.

ಬಿಸಿಯ ಪ್ರಶ್ನೆ ಇದಕ್ಕಿಂತ ಮೂಲಭೂತವಾದದ್ದು. ಸಿಲಿಕಾನ್ ಕೋಶಕ್ಕೆ ಬೆಳಕು ಬೇಕು, ಕಾವು ಬೇಡ. ಫಲಕದ ಮೇಲೆ ಬರೆದಿರುವ ವ್ಯಾಟ್ ಲೆಕ್ಕ ಕೋಶದ ಉಷ್ಣತೆ 25 ಡಿಗ್ರಿ ಇದ್ದಾಗಿನದು. ಅಲ್ಲಿಂದ ಮೇಲೆ ಪ್ರತಿ ಡಿಗ್ರಿಗೂ ಉತ್ಪಾದನೆ ಸುಮಾರು ಶೇ 0.35ರಷ್ಟು ಕುಗ್ಗುತ್ತದೆ. ಬೇಸಿಗೆಯ ನಡುಹಗಲಲ್ಲಿ ಕೋಶ 65 ಡಿಗ್ರಿಗೆ ಏರಿದರೆ ಏಳರಲ್ಲಿ ಒಂದು ಪಾಲು ಕೈಬಿಟ್ಟಂತೆ. ಹಿಂದೆ ಗಾಳಿಯಾಡದಂತೆ ಮಾಡಿಗೋ ಗೋಡೆಗೋ ಅಂಟಿಸಿ ಕೂರಿಸಿದಷ್ಟೂ ಈ ನಷ್ಟ ಹೆಚ್ಚು, ಜೊತೆಗೆ ಆ ಕಾವು ಮನೆಯೊಳಗೂ ಇಳಿಯುತ್ತದೆ. 1973ರಲ್ಲಿ ಅಮೆರಿಕದ ಡೆಲವೇರ್ ವಿಶ್ವವಿದ್ಯಾಲಯ ‘ಸೋಲಾರ್ ಒನ್’ ಎಂಬ ಮನೆ ಕಟ್ಟಿ, ಮಾಡಿನಲ್ಲೇ ಸೌರಕೋಶಗಳನ್ನು ಅಳವಡಿಸಿ, ಅವುಗಳ ಬೆನ್ನಿನ ಬಿಸಿಗಾಳಿಯನ್ನು ಮನೆ ಬೆಚ್ಚಗಿಡಲು ಬಳಸಿತ್ತು. ಹಿಮ ಬೀಳುವ ನಾಡಿಗೆ ಅದು ಜಾಣತನದ ವಿನ್ಯಾಸ. ಕಲಬುರಗಿಗೂ ಬಳ್ಳಾರಿಗೂ ಅದೇ ಬಿಸಿಗಾಳಿ ಶಿಕ್ಷೆ.

ಎರಡನೆಯ ದಾರಿಯ ಶ್ರೇಷ್ಠ ಕೃತಿಯನ್ನು ನೋಡಬೇಕಾದರೆ ಜರ್ಮನಿಯ ಫ್ರೈಬುರ್ಗ್‌ಗೆ ಹೋಗಬೇಕು. ವಾಸ್ತುಶಿಲ್ಪಿ ರೋಲ್ಫ್ ಡಿಶ್ ಅಲ್ಲಿ ಶ್ಲೀರ್‌ಬೆರ್ಗ್ ಎಂಬಲ್ಲಿ 59 ಮನೆಗಳ ಸೌರ ಬಡಾವಣೆಯನ್ನು ಈ ಶತಮಾನದ ಮೊದಲ ವರ್ಷಗಳಲ್ಲಿ ಕಟ್ಟಿದರು. ವರ್ಷದ ಲೆಕ್ಕದಲ್ಲಿ ಬಳಸುವುದಕ್ಕಿಂತ ಹೆಚ್ಚು ಶಕ್ತಿ ಉತ್ಪಾದಿಸುವ ಮನೆಗಳೆಂದು ಅವುಗಳಿಗೆ ಹೆಸರು. ದಕ್ಷಿಣಕ್ಕೆ ಇಳಿಜಾರಾದ ಮಾಡಿನ ತುಂಬ ಫಲಕಗಳು; ಯಾವುದನ್ನೂ ಅಡಗಿಸಿಲ್ಲ. ನನ್ನ ಗಮನ ಸೆಳೆಯುವುದು ಆ ಮಾಡು ಗೋಡೆಯಿಂದ ಮುಂದಕ್ಕೆ ಚಾಚಿಕೊಂಡಿರುವ ರೀತಿ. ಬೇಸಿಗೆಯಲ್ಲಿ ಎತ್ತರದ ಸೂರ್ಯನನ್ನು ಅದು ದೊಡ್ಡ ಕಿಟಕಿಗಳಿಂದ ದೂರವಿಡುತ್ತದೆ, ಚಳಿಗಾಲದಲ್ಲಿ ಕೆಳಗಿಳಿದ ಸೂರ್ಯನನ್ನು ಕೋಣೆಯ ಒಳತನಕ ಬಿಡುತ್ತದೆ. ಸಾಲುಮನೆಗಳು ಪೂರ್ವ-ಪಶ್ಚಿಮವಾಗಿ ನಿಂತಿವೆ. ಒಂದು ಸಾಲಿನ ನೆರಳು ಇನ್ನೊಂದರ ಮೇಲೆ ಬೀಳದಂತೆ ನಡುವಿನ ಅಂತರ ಗೊತ್ತುಮಾಡಿದ್ದಾರೆ. ಅಂದರೆ ಸೌರಶಕ್ತಿ ಅಲ್ಲಿ ನಿವೇಶನದ ನಕ್ಷೆಯಿಂದಲೇ ಶುರುವಾಗಿದೆ, ಫಲಕ ಅದರ ಕೊನೆಯ ಹೆಜ್ಜೆ. ಯಾವ ಸೌರ ಹೆಂಚಿಗೂ ಇಲ್ಲದ ಗುಣ ಇದು.

ಹಾಗಂತ ಆ ರೂಪವನ್ನೇ ಎತ್ತಿ ತಂದು ಇಲ್ಲಿ ನಿಲ್ಲಿಸಿದರೆ ಪ್ರಯೋಜನವಿಲ್ಲ. ಫ್ರೈಬುರ್ಗ್ 48 ಡಿಗ್ರಿ ಉತ್ತರದಲ್ಲಿದೆ, ಬೆಂಗಳೂರು 13ರಲ್ಲಿ. ಅಲ್ಲಿ ದಕ್ಷಿಣದ ಗೋಡೆಗೆ ಫಲಕ ಹೊದಿಸಿದರೂ ಒಳ್ಳೆಯ ಇಳಿಜಾರಿನಲ್ಲಿ ಸಿಗುವುದರ ಮೂರನೇ ಎರಡು ಪಾಲು ದಕ್ಕುತ್ತದೆ. ಇಲ್ಲಿ ಅದು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಕಾರಣ ಆಕಾಶದಲ್ಲೇ ಇದೆ. ಏಪ್ರಿಲ್ 24ರ ಹೊತ್ತಿಗೆ ಮತ್ತು ಆಗಸ್ಟ್ 18ರ ಹೊತ್ತಿಗೆ ಸೂರ್ಯ ಬೆಂಗಳೂರಿನ ನಡುನೆತ್ತಿಯ ಮೇಲೆ ಹಾಯುತ್ತಾನೆ. ಶೂನ್ಯ ನೆರಳಿನ ದಿನವೆಂದು ಶಾಲೆಯ ಮಕ್ಕಳು ಕಂಬ ನೆಟ್ಟು ನೋಡುವುದು ಇದನ್ನೇ. ಈ ಎರಡು ದಿನಗಳ ನಡುವೆ ಸೂರ್ಯ ಇಡೀ ದಿನ ಉತ್ತರದ ಕಡೆಗಿರುತ್ತಾನೆ, ದಕ್ಷಿಣದ ಗೋಡೆಗೆ ನೇರ ಬಿಸಿಲು ಒಂದು ಗಳಿಗೆಯೂ ತಾಗುವುದಿಲ್ಲ. ವಿದೇಶಿ ಪತ್ರಿಕೆಗಳ ಚಿತ್ರ ನೋಡಿ ಮುಂಭಾಗದ ಗೋಡೆಗೂ ಬಾಲ್ಕನಿಯ ಕಟಾಂಜನಕ್ಕೂ ಸೌರ ಗಾಜು ಹಾಕಿಸುವವರು ತಮ್ಮ ದುಡ್ಡಿನ ಅರ್ಧವನ್ನು ಅಲಂಕಾರಕ್ಕೆ ಕೊಡುತ್ತಿದ್ದಾರೆ. ಸಜ್ಜಾದ ಮಾತೂ ಅಷ್ಟೆ: ಎರಡಡಿ ಅಗಲದ ಪಟ್ಟಿಯ ಮೇಲೆ ಮೇಲಂತಸ್ತಿನ ನೆರಳು, ಪಕ್ಕದ ಮನೆಯ ನೆರಳು. ಒಂದು ಕೋಶಕ್ಕೆ ನೆರಳು ಬಿದ್ದರೂ ಫಲಕದ ಮೂರನೇ ಒಂದು ಭಾಗ ಕೆಲಸ ನಿಲ್ಲಿಸಬಹುದು.

ನಮ್ಮ ಸೂರ್ಯ ನೆತ್ತಿಯ ಮೇಲಿನವನು. ಆದ್ದರಿಂದ ನಮ್ಮ ಮನೆಯಲ್ಲಿ ಅತಿ ಹೆಚ್ಚು ಬಿಸಿಲು ಕುಡಿಯುವುದೂ ಅತಿ ಹೆಚ್ಚು ಕಷ್ಟ ಕೊಡುವುದೂ ಒಂದೇ ಅಂಗ, ತಾರಸಿ. ಹಗಲಿಡೀ ಕಾದ ಆರ್‌ಸಿಸಿ ಚಾವಣಿ ರಾತ್ರಿ ಮಲಗುವ ಕೋಣೆಗೆ ಕಾವು ಸುರಿಯುತ್ತದೆ. ಇಲ್ಲಿ ಫಲಕಕ್ಕೆ ಕೊಡಬೇಕಾದ ಕೆಲಸ ಸ್ಪಷ್ಟವಾಗಿದೆ: ತಾರಸಿಯ ಮೇಲೊಂದು ಚಪ್ಪರವಾಗುವುದು. ಏಳೆಂಟು ಅಡಿ ಎತ್ತರದಲ್ಲಿ, ದಕ್ಷಿಣಕ್ಕೆ ಹತ್ತು-ಹದಿನೈದು ಡಿಗ್ರಿ ಬಾಗಿಸಿ ನಿಲ್ಲಿಸಿದ ಫಲಕಗಳು ಬಿಸಿಲನ್ನು ಚೆನ್ನಾಗಿ ಹಿಡಿಯುತ್ತವೆ, ಬೆನ್ನಿಗೆ ಗಾಳಿ ಸಿಗುವುದರಿಂದ ತಂಪಾಗಿರುತ್ತವೆ, ಕೆಳಗಿನ ಚಾವಣಿಗೆ ನೆರಳಾಗುತ್ತವೆ. ಈ ನೆರಳಿನ ಬೆಲೆಯನ್ನು ಅಳೆದು ನೋಡಿದ್ದಾರೆ. 2011ರಲ್ಲಿ ಪ್ರಕಟವಾದ, ಸ್ಯಾನ್ ಡಿಯಾಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅಧ್ಯಯನದಲ್ಲಿ ಫಲಕದಡಿಯ ಒಳಚಾವಣಿ ಹಗಲಿನಲ್ಲಿ ಬಿಸಿಲಿಗೆ ತೆರೆದ ಭಾಗಕ್ಕಿಂತ ಎರಡೂವರೆ ಡಿಗ್ರಿಯವರೆಗೆ ತಂಪಾಗಿತ್ತು. 550 ವ್ಯಾಟ್‌ನ ಆರು ಫಲಕಗಳು ಸುಮಾರು 165 ಚದರಡಿ ಹರಡಿಕೊಳ್ಳುತ್ತವೆ, ಬೆಂಗಳೂರಿನ ಬಿಸಿಲಿಗೆ ದಿನಕ್ಕೆ ಸರಾಸರಿ 12–13 ಯೂನಿಟ್ ಕೊಡುತ್ತವೆ. 30×40 ನಿವೇಶನದ ಮನೆಯಲ್ಲಿ ಅದು ತಾರಸಿಯ ಐದನೇ ಒಂದು ಭಾಗವಷ್ಟೆ. ಯಾವ ಕೋಣೆಯ ಮೇಲೆ ಆ ನೆರಳು ಬೀಳಬೇಕು ಎಂಬುದನ್ನು ನಿರ್ಧರಿಸುವಲ್ಲಿಗೆ ಅದು ವಿನ್ಯಾಸದ ಪ್ರಶ್ನೆಯಾಗುತ್ತದೆ. ಕರಾವಳಿ ಮಲೆನಾಡುಗಳಲ್ಲಿ ಇದರ ರೂಪ ಬೇರೆಯಾಗಬೇಕು. ಅಲ್ಲಿ ತಾರಸಿ ಸೋರದಿರಲೆಂದು, ಅಡಿಕೆ ಬಟ್ಟೆಗಳಿಗೆ ಆಸರೆಯಾಗಲೆಂದು ಜನ ಈಗಾಗಲೇ ಕಬ್ಬಿಣದ ಚೌಕಟ್ಟು ನಿಲ್ಲಿಸಿ ಶೀಟು ಹೊದಿಸುತ್ತಾರೆ. ಆ ಶೀಟಿನ ದಕ್ಷಿಣ ಮಗ್ಗುಲನ್ನು, ಸಂದುಗಳಲ್ಲಿ ನೀರು ಹರಿಯುವ ಕಾಲುವೆಪಟ್ಟಿ ಕೂರಿಸಿದ ಫಲಕಗಳಿಗೆ ಬಿಟ್ಟುಕೊಟ್ಟರೆ ಎರಡು ಖರ್ಚು ಒಂದಾಗುತ್ತದೆ. ಇನ್ನು ಭಾರದ ಭಯ. ಫಲಕ ಚದರ ಮೀಟರಿಗೆ ಹನ್ನೊಂದು-ಹನ್ನೆರಡು ಕಿಲೋ, ಅದನ್ನು ಹೊರುವ ಐದಂಗುಲದ ಕಾಂಕ್ರೀಟು ಮುನ್ನೂರು ಕಿಲೋ. ಹೆದರಬೇಕಾದದ್ದು ಗಾಳಿಗೆ. ವಿನ್ಯಾಸಕ್ಕೆ ಹಿಡಿಯಬೇಕಾದ ಗಾಳಿಯ ಮೂಲವೇಗ ಬೆಂಗಳೂರಿನಲ್ಲಿ ಸೆಕೆಂಡಿಗೆ 33 ಮೀಟರ್, ಮಂಗಳೂರಿನಲ್ಲಿ 39 ಎಂದು ಭಾರತೀಯ ಮಾನಕ ಹೇಳುತ್ತದೆ. ಚಪ್ಪರದ ಕಂಬವನ್ನು ಮನೆಯ ಪಿಲ್ಲರ್ ನೆತ್ತಿಗೇ ಬಿಗಿಯಬೇಕು. ಚಾವಣಿಗೆ ಆಮೇಲೆ ತೂತು ಕೊರೆದು ನಿಲ್ಲಿಸಿದರೆ ವಾಟರ್‌ಪ್ರೂಫಿಂಗೂ ಹಾಳು, ಹಿಡಿತವೂ ಸಾಲದು.

ನಕ್ಷೆಯ ಹಂತದಲ್ಲೇ ತೀರ್ಮಾನವಾಗಬೇಕಾದ ಇನ್ನೊಂದು ಸಂಗತಿ ನೀರಿನ ಟ್ಯಾಂಕು. ವಾಸ್ತು ನೋಡುವ ನಮ್ಮ ಬಹುಪಾಲು ಮನೆಗಳಲ್ಲಿ ಟ್ಯಾಂಕು, ಹೆಡ್‌ರೂಮುಗಳೆಲ್ಲ ನೈಋತ್ಯದಲ್ಲಿರುತ್ತವೆ, ಎತ್ತರವೂ ಭಾರವೂ ಆ ಮೂಲೆಗೆ ಎಂಬ ನಂಬಿಕೆಯಿಂದ. ಚಳಿಗಾಲದ ಮಧ್ಯಾಹ್ನ ಅವುಗಳ ನೆರಳು ಈಶಾನ್ಯಕ್ಕೆ ಚಾಚಿ, ಅಲ್ಲಿ ತಗ್ಗಿನಲ್ಲಿ ಕೂರಿಸಿದ ಫಲಕಗಳನ್ನು ಮುಚ್ಚುತ್ತದೆ. ನಂಬಿಕೆಯ ಜೊತೆ ಜಗಳವಾಡಬೇಕಿಲ್ಲ. ಫಲಕಗಳನ್ನೇ ಆ ಎತ್ತರದ ಮೂಲೆಗೆ, ಹೆಡ್‌ರೂಮು ಟ್ಯಾಂಕುಗಳ ನೆತ್ತಿಯ ಮೇಲಕ್ಕೆ ಒಯ್ದರೆ ಟ್ಯಾಂಕಿನ ನೀರೂ ತಂಪು, ನೆರಳಿನ ತೊಡಕೂ ಇಲ್ಲ. ಇಷ್ಟು ಮುಂಚಿತವಾಗಿ ಯೋಚಿಸದಿದ್ದರೆ ಏನಾಗುತ್ತದೆ ಎಂಬುದಕ್ಕೆ ಸೋಲಾರ್ ವಾಟರ್ ಹೀಟರೇ ಸಾಕ್ಷಿ. ಕಾನೂನು ಅದನ್ನು ಕಡ್ಡಾಯ ಮಾಡಿತು, ಮನೆಮನೆಗೂ ಬಂತು, ಅದೊಂದು ನಿಜವಾದ ಸಾಧನೆ. ಆದರೆ ಬಚ್ಚಲುಗಳು ಒಂದರ ಮೇಲೊಂದು ಬರುವಂತೆ ನಕ್ಷೆ ಮಾಡದ ಕಡೆ, ನೆಲಮಹಡಿಯ ನಲ್ಲಿಯಲ್ಲಿ ಬಿಸಿನೀರು ಬರುವಷ್ಟರಲ್ಲಿ ಬಕೆಟುಗಟ್ಟಲೆ ತಣ್ಣೀರು ಹರಿದುಹೋಗುತ್ತದೆ.

ಈ ಚಪ್ಪರ ಮನೆಯ ಅಂದ ಕೆಡಿಸುತ್ತದೆ ಎನ್ನುವವರ ಮಾತಿನಲ್ಲಿ ನ್ಯಾಯವಿದೆ. ಜಿಐ ಪೈಪಿನ ಕೃಶ ಕಾಲುಗಳ ಮೇಲೆ ನಿಂತ ಈಗಿನ ಬಹುಪಾಲು ಚೌಕಟ್ಟುಗಳು ಕಣ್ಣಿಗೆ ಹಿತವಾಗಿಲ್ಲ. ಅವು ಫಲಕ ಮಾರುವವರ ಚೌಕಟ್ಟುಗಳು. ಮನೆಯ ಅಳತೆಗೆ, ಅದರ ಕಂಬಗಳ ಲಯಕ್ಕೆ ಹೊಂದಿಸಿ ಯಾರೂ ಬರೆದವಲ್ಲ. ಎರಡೂ ಮಗ್ಗುಲು ಗಾಜಿರುವ ಫಲಕಗಳಡಿ ಕೋಶಗಳ ಸಂದಿನಿಂದ ಚುಕ್ಕೆ ಚುಕ್ಕೆಯಾಗಿ ಇಳಿಯುವ ಬೆಳಕು ಒಳ್ಳೆಯ ವಾಸ್ತುಶಿಲ್ಪಿಯ ಕೈಗೆ ಸಿಕ್ಕಿದರೆ ಅಲ್ಲಿ ಸಂಜೆ ಕೂರುವ ಜಗಲಿಯೇ ಹುಟ್ಟುತ್ತದೆ. ಕೆಳಗಿನ ನೆಲಕ್ಕೆ ಬಿಳಿ ಬಳಿದರೆ ಪ್ರತಿಫಲಿಸಿದ ಬೆಳಕಿನಿಂದ ಬೆನ್ನಿನ ಮಗ್ಗುಲೂ ಅಷ್ಟಿಷ್ಟು ವಿದ್ಯುತ್ ಕೊಡುತ್ತದೆ. ಹಪ್ಪಳ ಸಂಡಿಗೆ ಒಣಗಿಸುವ ಬಿಸಿಲು ಹೋಯಿತೆನ್ನುವವರಿಗೆ ತಾರಸಿಯ ಉಳಿದ ನಾಲ್ಕು ಪಾಲು ಇದ್ದೇ ಇದೆ. ರಾಜ್ಯ ಸರ್ಕಾರದ ಗೃಹಜ್ಯೋತಿ ಯೋಜನೆಯಲ್ಲಿ 200 ಯೂನಿಟ್‌ವರೆಗೆ ಉಚಿತವಿರುವಾಗ ಇದೆಲ್ಲ ಯಾಕೆ ಎಂಬ ಆಕ್ಷೇಪ ಇನ್ನೂ ಗಟ್ಟಿ. ಬಿಲ್ಲಿನ ಲೆಕ್ಕವೊಂದನ್ನೇ ಹಿಡಿದರೆ ಸಣ್ಣ ಮನೆಗಳಿಗೆ ಫಲಕ ಲಾಭದಾಯಕವಲ್ಲ, ಕೇಂದ್ರದ ಸೂರ್ಯಘರ್ ಯೋಜನೆ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಹಾಯಧನ ಕೊಟ್ಟರೂ ಲೆಕ್ಕ ಸುಲಭಕ್ಕೆ ಕೂಡುವುದಿಲ್ಲ. ಆದರೆ ಚಾವಣಿಗೆ ನೆರಳನ್ನಾಗಲಿ ಮಳೆಗೆ ಮರೆಯನ್ನಾಗಲಿ ಯಾವ ಸರ್ಕಾರವೂ ಉಚಿತವಾಗಿ ಕೊಡುವುದಿಲ್ಲ, ಫಲಕ ಆ ಕೆಲಸವನ್ನೂ ಮಾಡುವಂತಿದ್ದರೆ ಅದರ ಬೆಲೆ ಯೂನಿಟ್ಟುಗಳಲ್ಲಿ ಮುಗಿಯುವುದಿಲ್ಲ.

ನನ್ನ ವಾದದ ನಿಜವಾದ ದುರ್ಬಲ ಜಾಗ ಪಕ್ಕದ ನಿವೇಶನ. ಇವತ್ತು ಖಾಲಿಯಿರುವ ದಕ್ಷಿಣದ ಸೈಟಿನಲ್ಲಿ ನಾಳೆ ನಾಲ್ಕು ಅಂತಸ್ತು ಎದ್ದರೆ ಎಷ್ಟು ಚೆಂದದ ಚಪ್ಪರವೂ ವರ್ಷದ ಕೆಲವು ತಿಂಗಳು ಮಂಕಾಗುತ್ತದೆ. ನೆತ್ತಿಯ ಸೂರ್ಯನಿಂದಾಗಿ ಆ ನಷ್ಟ ಫ್ರೈಬುರ್ಗ್‌ನಲ್ಲಿ ಆಗುವಷ್ಟು ಇಲ್ಲಿ ಆಗುವುದಿಲ್ಲ, ನಟ್ಟು ಬಿಚ್ಚಿ ಫಲಕಗಳನ್ನು ಇನ್ನೊಂದು ಬದಿಗೆ ಸರಿಸಲೂ ಬರುತ್ತದೆ; ಗೋಡೆಗೆ ಹೊದಿಸಿದ ಸೌರ ಗಾಜಿಗೆ ಆ ಅವಕಾಶವೂ ಇಲ್ಲ. ಆದರೂ ಮೂವತ್ತಡಿ ಅಗಲದ ನಿವೇಶನದಲ್ಲಿ ಒಬ್ಬ ವಾಸ್ತುಶಿಲ್ಪಿ ಒಂದು ಮನೆಗಾಗಿ ಮಾಡಬಹುದಾದದ್ದಕ್ಕೆ ಮಿತಿಯಿದೆ. ಡಿಶ್ ಅವರಿಗೆ ಇಡೀ ಬಡಾವಣೆ ಕೈಯಲ್ಲಿತ್ತು. ನಮ್ಮಲ್ಲಿ ಬಡಾವಣೆಗಳನ್ನು ಗೆರೆ ಎಳೆದು ಹಂಚುವ ಪ್ರಾಧಿಕಾರಗಳು ರಸ್ತೆಯ ಅಗಲಕ್ಕೂ ಉದ್ಯಾನಕ್ಕೂ ಲೆಕ್ಕ ಇಡುವಂತೆ ಯಾವ ಮನೆಯ ನೆರಳು ಯಾವ ತಾರಸಿಯ ಮೇಲೆ ಬೀಳುತ್ತದೆ ಎಂಬುದಕ್ಕೂ ಲೆಕ್ಕ ಇಡಬೇಕು. ಮಂಜೂರಾತಿಗೆ ಸಲ್ಲಿಸುವ ನಕ್ಷೆಯಲ್ಲಿ ತಾರಸಿಯೂ ಒಂದು ಅಂತಸ್ತೆಂಬಂತೆ ಟ್ಯಾಂಕು, ಫಲಕ, ಕಂಬಗಳ ಜಾಗವನ್ನು ಬರೆದು ತೋರಿಸುವಂತಾಗಬೇಕು.