ಟೋನಿ ರೈಸ್ ಕೈಯ ಗಿಟಾರ್

ಅಮೆರಿಕದ ಬ್ಲೂಗ್ರಾಸ್ ಸಂಗೀತದಲ್ಲಿ ಗಿಟಾರ್ ಬಹುಕಾಲ ಲಯ ಹಿಡಿಯುವ ವಾದ್ಯವಾಗಿಯೇ ಇತ್ತು. ಮೆರೆಯುತ್ತಿದ್ದುದು ಬ್ಯಾಂಜೊ, ಮ್ಯಾಂಡೊಲಿನ್, ಪಿಟೀಲು. ಗಿಟಾರನ್ನು ಮುಂದಕ್ಕೆ ತಂದವರಲ್ಲಿ ನನಗೆ ಎಲ್ಲರಿಗಿಂತ ಪ್ರಿಯರು ವರ್ಜೀನಿಯಾದಲ್ಲಿ ಹುಟ್ಟಿದ ಟೋನಿ ರೈಸ್. ಜೆ.ಡಿ. ಕ್ರೋ ತಂಡದಲ್ಲಿ ಒಳ್ಳೆಯ ಹೆಸರಿದ್ದಾಗಲೇ, 1975ರಲ್ಲಿ, ಅದನ್ನು ಬಿಟ್ಟು ಕ್ಯಾಲಿಫೋರ್ನಿಯಾದ ಡೇವಿಡ್ ಗ್ರಿಸ್ಮನ್ ತಂಡ ಸೇರಿದರು. ಅಲ್ಲಿ ಹಾಡಿಲ್ಲ, ಬರೀ ವಾದನ. ಹೆಸರಾಂತ ಹಾಡುಗಾರನೊಬ್ಬ ಬಾಯಿ ಮುಚ್ಚಿಕೊಂಡು ಜಾಝ್ ಕಾರ್ಡ್‌ಗಳನ್ನು ಕಲಿಯಲು ಕೂತದ್ದು ಸಣ್ಣ ಧೈರ್ಯವಲ್ಲ.

ಆ ಕಲಿಕೆಯ ಫಲ 1979ರ ‘ಮ್ಯಾನ್ಜನಿಟಾ’ ಆಲ್ಬಮ್‌ನಲ್ಲಿದೆ. ಬ್ಯಾಂಜೊ ಇಲ್ಲದ ಬ್ಲೂಗ್ರಾಸ್! ಎಷ್ಟೇ ವೇಗದಲ್ಲೂ ಪ್ರತಿ ಸ್ವರ ಪೋಣಿಸಿದ ಮಣಿಯಂತೆ ಬಿಡಿಬಿಡಿಯಾಗಿ ಕೇಳುತ್ತದೆ. ವಾದ್ಯವೂ ಸಾಮಾನ್ಯದ್ದಲ್ಲ: ಹಿಂದೆ ಕ್ಲಾರೆನ್ಸ್ ವೈಟ್ ನುಡಿಸಿದ್ದ, ನಾದರಂಧ್ರ ಹಿಗ್ಗಿಸಿದ್ದ 1935ರ ಮಾರ್ಟಿನ್ ಡಿ-28.

1990ರ ದಶಕದಲ್ಲಿ ಗಂಟಲಿನ ತೊಂದರೆಯಿಂದ ರೈಸ್ ಅವರ ಹಾಡುವ ದನಿ ಹೋಯಿತು. ಗಿಟಾರ್ ಒಂದರಿಂದಲೇ ಅವರು ಮತ್ತೂ ವರ್ಷಗಟ್ಟಲೆ ವೇದಿಕೆ ಏರಿದರು. ಪೀಟರ್ ರೋವನ್ ಜೊತೆಗಿನ ಧ್ವನಿಮುದ್ರಣಗಳನ್ನು ಕೇಳಿ. ರೋವನ್ ಹಾಡುವಾಗ ರೈಸ್ ಕೊಡುವ ಸಾಥಿಯಲ್ಲಿ ಹಾಡುಗಾರನೇ ಬಲ್ಲ ತಾಳ್ಮೆಯಿದೆ. ಅವರ ವೇಗಕ್ಕಿಂತ ನನಗೆ ಇದೇ ದೊಡ್ಡದು.